ಹಸಿರು ಆಕಾಶದ ಅಡಿಯಿಂದ ಒಂದು ಅರ್ಜಿ

ನಾಗರಿಕ ವಿಮಾನಯಾನ ಮಹಾನಿರ್ದೇಶಕರ ಸನ್ನಿಧಾನಕ್ಕೆ,

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನೆಲವಾಸಿಯೊಬ್ಬ ಮಾಡುವ ನಮಸ್ಕಾರಗಳು.

ಮೋಡ ಬಂತಾ ಅಂತ ನೋಡಲಿಕ್ಕಲ್ಲದೆ ನಾವು ತಲೆ ಎತ್ತಿದವರಲ್ಲ ಸ್ವಾಮಿ. ಈಗ ಕತ್ತು ಇಳಿಸಲು ಪುರುಸೊತ್ತಿಲ್ಲ. ಬಡಗಲಿಗೆ ಚಳ್ಳಕೆರೆ, ಅಲ್ಲಿ 2017ರಿಂದ ಡಿಆರ್‌ಡಿಒದವರ ವಿಮಾನ ಪರೀಕ್ಷಾ ವಲಯ. ತೆಂಕಲಿಗೆ ಗುಬ್ಬಿ, ಅಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ನಡುವೆ ನಮ್ಮ ಪಾಲಿಗೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನು, ಊರೊಳಗಿನ ಮನೆ ಅಳೆಯುವ ಸ್ವಾಮಿತ್ವ ಯೋಜನೆಯ ಡ್ರೋನು, ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳವನ್ನೂ ಮೀರಿಸಿ ಗುಂಯ್‌ಗುಟ್ಟುವ ಮದುವೆ ಡ್ರೋನು. ಸಾಲದ್ದಕ್ಕೆ ಶಿರಾದಲ್ಲೇ ವಿಮಾನ ನಿಲ್ದಾಣವಾಗಲಿ ಎಂದು ನಮ್ಮ ಶಾಸಕರ ಒತ್ತಾಯವೂ ಇದೆ. ಅದಾದ ದಿನ ಕಾಗೆಗೂ ಟೋಕನ್ ಬೇಕಾದೀತು.

ತಮ್ಮ ಸಚಿವಾಲಯದ 2021ರ ಡ್ರೋನ್ ನಿಯಮಗಳನ್ನು ಓದಿಸಿ ಕೇಳಿದೆ. ಆಕಾಶಕ್ಕೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿದ್ದೀರಂತೆ. ಹಸಿರಿದ್ದಲ್ಲಿ 400 ಅಡಿಯವರೆಗೆ ಯಾರ ಅಪ್ಪಣೆಯೂ ಬೇಡವಂತೆ. ಪಾವಗಡದ ನೆಲದಲ್ಲಿ ಹಸಿರು ಹುಡುಕಿ ಸೋತ ನಮಗೆ ಆಕಾಶದಲ್ಲಾದರೂ ಅದು ಉಂಟೆಂದು ಕೇಳಿ ಹೊಟ್ಟೆ ತಣ್ಣಗಾಯಿತು.

ಆ 400 ಅಡಿಯನ್ನು ಡ್ರೋನಿನ ಕೆಳಗಿನ ನೆಲದಿಂದ ಅಳೆಯುವುದಾದರೆ ಒಂದು ಅನುಮಾನ ಉಳಿಯುತ್ತದೆ. ಮಧುಗಿರಿ ಬೆಟ್ಟ ಒಂದೇ ಬಂಡೆ. ತುದಿಯಲ್ಲಿ ನಿಂತ ಹುಡುಗನ ಡ್ರೋನು ಕಾಲಬುಡದಿಂದ ಹತ್ತಡಿ ಮೇಲಿರುತ್ತದೆ. ಬಂಡೆ ದಾಟಿ ನಾಲ್ಕು ಮಾರು ಮುಂದೆ ಹೋದರೆ ನೆಲವೇ ಜಾರಿ ಪಾತಾಳಕ್ಕಿಳಿದಿರುತ್ತದೆ. ಡ್ರೋನು ಒಂದಡಿಯೂ ಏರಿಲ್ಲ, ಆದರೂ ಅಪರಾಧಿ! ಒಂದು ಲಕ್ಷದವರೆಗೆ ದಂಡ ಇದೆಯಂತೆ. ಅದನ್ನು ವಸೂಲಿ ಮಾಡಲು ಟೇಪು ಹಿಡಿದು ಬೆಟ್ಟ ಹತ್ತುವವರು ಯಾರು?

2023ರ ಆಗಸ್ಟ್ 20ರಂದು ನಮ್ಮ ಪಕ್ಕದ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ತಪಸ್ ಎಂಬ ಡ್ರೋನು ಬಂದು ಬಿತ್ತು. ಹೆಸರು ತಪಸ್ಸು, ಇಳಿದ ರೀತಿ ಮಾತ್ರ ತಪೋಭಂಗ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಊರಿಗೆ ಊರೇ ನೋಡಲು ನೆರೆಯಿತು. ಅಂದಿನಿಂದ ನನ್ನ ತಲೆಯಲ್ಲೊಂದು ಹುಳು ಕೊರೆಯುತ್ತಿದೆ: ಡ್ರೋನಿನೊಳಗೆ ಪ್ರಯಾಣಿಕರಿರುವುದಿಲ್ಲ, ಸರಿ. ಹಾಗಾದರೆ ಕೆಳಗೆ ಕಡ್ಲೆಕಾಯಿ ಕೀಳುತ್ತಿರುವವರೇ ಅದರ ಪ್ರಯಾಣಿಕರಲ್ಲವೆ? ಟಿಕೆಟ್ಟಿಲ್ಲ, ಸೀಟಿಲ್ಲ, ಹತ್ತಿದ್ದೇವೆಂಬುದೂ ಗೊತ್ತಿಲ್ಲ.

ಹಾರುವವೆಲ್ಲ ತಾವೆಲ್ಲಿದ್ದೇವೆಂದು ಕ್ಷಣಕ್ಷಣಕ್ಕೂ ತಿಳಿಸುತ್ತ, ಕಂಪ್ಯೂಟರಿನ ಮಾತು ಕೇಳಿ ಒಂದಕ್ಕೊಂದು ದಾರಿ ಬಿಡುವ ಸಂಚಾರ ವ್ಯವಸ್ಥೆಗೆ 2021ರ ಅಕ್ಟೋಬರಿನಲ್ಲೇ ತಮ್ಮ ಸಚಿವಾಲಯ ಚೌಕಟ್ಟು ಹೊರಡಿಸಿದೆ. ಚೌಕಟ್ಟೇನೋ ಚೆನ್ನಾಗಿದೆ, ಬಾಗಿಲು ಕೂರಿಸುವುದು ಯಾವಾಗ? ತಜ್ಞರು ಸಾಲದಿದ್ದರೆ ಮಧುಗಿರಿ ಬಸ್ ಸ್ಟ್ಯಾಂಡಿಗೆ ಬನ್ನಿ. ಪಾವಗಡದ ಪ್ರೈವೇಟ್ ಬಸ್ಸು ತನ್ನ ಟೈಮು ಮೀರಿ ಎರಡು ನಿಮಿಷ ನಿಂತರೆ ಹಿಂದಿನ ಬಸ್ಸಿನ ಏಜೆಂಟ್ ಎದುರಿಗೆ ಬಂದು ಅದರ ಜಾತಕ ಬಿಚ್ಚುತ್ತಾನೆ. ಉಪಗ್ರಹವಿಲ್ಲದೆ ದಾರಿ ಹಂಚುವ ಇಂಥವರಲ್ಲಿ ಒಬ್ಬರನ್ನು ಸಮಿತಿಗೆ ಹಾಕಿಕೊಳ್ಳಿ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ಬಣ್ಣದ ಕೊಕ್ಕರೆಗಳ ಪರವಾಗಿಯೂ ಒಂದು ಮಾತು. ಊರ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಇವೂ ಹಾರುವವೇ. ಕೆರೆಗೂ ಮರಕ್ಕೂ ದಿನಕ್ಕೆಷ್ಟೋ ಟ್ರಿಪ್ಪು. ನೋಂದಣಿ ಸಂಖ್ಯೆ ಇಲ್ಲ, ಪೈಲಟ್ ಪ್ರಮಾಣಪತ್ರವಿಲ್ಲ. ಇಷ್ಟಾದರೂ ಒಂದಕ್ಕೊಂದು ಡಿಕ್ಕಿ ಹೊಡೆದದ್ದನ್ನು ನಾನು ಕಂಡಿಲ್ಲ. ಅವು ಮರಿ ಮಾಡುವ ಕಾಲದಲ್ಲಿ ರೀಲ್ಸ್ ಹುಡುಗರ ಡ್ರೋನು ಗೂಡಿನ ಮೇಲೆ ನಿಂತರೆ ಯಾರಿಗೆ ದೂರು ಕೊಡಬೇಕು? ನಿಯಮ ಹಾರಿಸುವವನ ಹೆಸರು ಕೇಳುತ್ತದೆ; ಕೆಳಗಿರುವವರ ಹೆಸರಿಗೆ ಕಾಲಂ ಇಲ್ಲ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ಆಕಾಶದ ಆ ಕೆಂಪು, ಹಳದಿ, ಹಸಿರು ನಕ್ಷೆಯನ್ನು ಪ್ರತಿ ಪಂಚಾಯಿತಿಯ ಗೋಡೆ ಮೇಲೆ ಕನ್ನಡದಲ್ಲಿ ಬರೆಸಿ. ಕೆಳಗೊಂದು ಫೋನ್ ನಂಬರ್ ಹಾಕಿಸಿ. ಮಾಡಿದರೆ ಎತ್ತುವಂಥವರನ್ನೇ ಅಲ್ಲಿ ಕೂರಿಸಿ.

ಇಂತಿ,
ಟಿಕೆಟ್ಟಿಲ್ಲದ ಪ್ರಯಾಣಿಕ