ಅಶ್ರುಪಂಡಿತ

ಬೀಚಿಯವರು 1913ರಲ್ಲಿ ಹುಟ್ಟಿದುದು ಹರಪನಹಳ್ಳಿಯಲ್ಲಿ ಎಂಬ ಒಂದೇ ಕಾರಣದಿಂದ, ಆ ತಾಲ್ಲೂಕಿನ ನೀರು ಕುಡಿದವರೆಲ್ಲರೂ ನಗುವುದರಲ್ಲಿ ನಿಪುಣರಾಗಿರಬೇಕೆಂದು ಪರಸ್ಥಳದವರು ಭಾವಿಸುವುದು ಸಹಜವೇ ಆದರೂ, ಅದೇ ತಾಲ್ಲೂಕಿನ ಹಲವಾಗಲಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಅಳುವುದನ್ನೇ ಒಂದು ಶಾಸ್ತ್ರವೆಂದು ಬಗೆದು ಅಹೋರಾತ್ರಿ ಅಭ್ಯಸಿಸುತ್ತಿರುವ ತರುಣನೊಬ್ಬನಿರುವನೆಂಬುದು ಅವರಿಗೆ ತಿಳಿದಿರಲಾರದು. ಈ ಜಾತಿಯವರು ಹಲವಾಗಲಿಗೆ ಮಾತ್ರ ಮೀಸಲಾದವರಲ್ಲ. ಕೊಟ್ಟೂರಿನಲ್ಲಿ ಒಬ್ಬ, ಹಡಗಲಿಯಲ್ಲಿ ಇಬ್ಬರು, ಕೂಡ್ಲಿಗಿಯಲ್ಲಿ ಯಾರಿಗೂ ಹೇಳಿಕೊಳ್ಳದೆ ಒಬ್ಬ, ಹೀಗೆ ಎಲ್ಲೆಡೆಯೂ ಇದ್ದೇ ಇರುವರು. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿರುವ ಹುಡುಗನನ್ನು ಕಂಡು, ಪಾಪ, ಪರೀಕ್ಷೆಯಲ್ಲಿ ಫೇಲಾಗಿರಬೇಕೆಂದು ಮರುಗುವ ಹಿರಿಯರು, ಆತನು ಅಳುತ್ತಿರುವುದು ‘ಒನ್ ಪೀಸ್’ ಎಂಬ ಜಪಾನೀ ಕಥೆಯಲ್ಲಿ ಕಡಲುಗಳ್ಳರ ಹಡಗೊಂದು ಸುಟ್ಟುಹೋದುದಕ್ಕಾಗಿ ಎಂದು ತಿಳಿದರೆ ತಮ್ಮ ಮರುಕವನ್ನು ಯಾವ ಬಾಬ್ತಿಗೆ ಜಮಾ ಮಾಡಿಯಾರೋ ಕಾಣೆ.

ಹಲವಾಗಲಿನವರು ನಮ್ಮ ನಾಯಕನಿಗೆ ಜಪಾನಪ್ಪನೆಂದು ಹೆಸರಿಟ್ಟಿರುವರು. ಹರಿಹರದಲ್ಲಿ ಬಿ.ಕಾಂ. ಮುಗಿಸಿ, ಯಾವುದೋ ಸರಕಾರಿ ಪರೀಕ್ಷೆಗೆ ಓದುತ್ತಿರುವನೆಂಬ ಪ್ರತೀತಿಯನ್ನು ಮನೆಯಲ್ಲಿ ಉಳಿಸಿಕೊಂಡು, ಎದೆಯ ಮೇಲೆ ನರುಟೋ ಎಂಬ ಜಪಾನೀ ಕಥಾನಾಯಕನ ಚಿತ್ರವುಳ್ಳ ಅಂಗಿಯನ್ನು ತೊಟ್ಟು, ರಾತ್ರಿ ಪಾಳಿಯ ತ್ರೀಫೇಸ್ ಕರೆಂಟು ಬಂದಾಗ ಮೋಟರು ಚಾಲೂ ಮಾಡುವ ಹೊಣೆಯನ್ನು ತಾನಾಗಿಯೇ ವಹಿಸಿಕೊಂಡಿರುವವನು. ಈ ಪಿತೃಭಕ್ತಿಯ ಮೂಲವು ಪಂಪಿನ ಮನೆಯ ಏಕಾಂತವೆಂಬುದು ಒಂದು ರಾತ್ರಿ ಬಯಲಾಯಿತು. ‘ವಯಲೆಟ್ ಎವರ್‌ಗಾರ್ಡನ್’ ಎಂಬ 2018ರ ಅನಿಮೆಯ, ಅಂದರೆ ಜಪಾನೀ ಆ್ಯನಿಮೇಶನ್ ಮಾಲಿಕೆಯ, ಹತ್ತನೆಯ ಕಂತಿನಲ್ಲಿ, ಮರಣ ಸಮೀಪಿಸಿದ ತಾಯಿಯೊಬ್ಬಳು ತನ್ನ ಎಳೆಯ ಮಗಳ ಮುಂದಿನ ಐವತ್ತು ಹುಟ್ಟುಹಬ್ಬಗಳಿಗೆ ವರ್ಷಕ್ಕೊಂದರಂತೆ ಪತ್ರಗಳನ್ನು ಬರೆಯಿಸಿಡುವ ಪ್ರಸಂಗದಲ್ಲಿ ಆತನು ಮೈಮರೆತಿರಲು, ಗದ್ದೆ ತುಂಬಿ, ಬದು ಒಡೆದು, ನೀರು ಪಕ್ಕದವರ ಮೆಕ್ಕೆಜೋಳಕ್ಕೆ ನುಗ್ಗಿತು. ಬೆಳಗ್ಗೆ ಬಂದ ತಂದೆಗೆ ಆತನು ಗದ್ಗದಕಂಠನಾಗಿ ಆ ಪತ್ರಗಳ ವಿಷಯವನ್ನು ನಿವೇದಿಸಿದನಂತೆ. “ಐವತ್ತ್ ವರ್ಷದ ಕಾಗದ ಆಮ್ಯಾಲೆ ಓದುವಂತಿ, ಮೊದ್ಲು ಬದುವಿಗೆ ಮಣ್ಣು ಹಾಕು” ಎಂದು ತಂದೆಯು ಸಲಿಕೆಯನ್ನು ಕೈಗೆ ಕೊಟ್ಟನು.

ಕರುಣವೊಂದೇ ರಸವೆಂದು ಸಾರಿದ ಭವಭೂತಿಯನ್ನು ಜಪಾನಪ್ಪನು ಓದಿದವನಲ್ಲ. ಓದಿದ್ದರೆ ಕರುಣದಲ್ಲಿಯೂ ದರ್ಜೆಗಳುಂಟೆಂದು ಆ ಮಹಾಕವಿಗೂ ಪಾಠ ಹೇಳದೆ ಬಿಡುತ್ತಿರಲಿಲ್ಲ. ಪಾತ್ರವನ್ನು ಕೊಂದು, ಹಿಂದಿನಿಂದ ಪಿಟೀಲು ನುಡಿಸಿ ಬರಿಸಿದ ಕಣ್ಣೀರು ಆತನ ಮತದಲ್ಲಿ ಅಧಮವಾದುದು. ‘ಮುಂಗಾರು ಮಳೆ’ಯ ಮೊಲವನ್ನು ಆತನು ಈ ವರ್ಗಕ್ಕೆ ನಿರ್ದಾಕ್ಷಿಣ್ಯವಾಗಿ ತಳ್ಳಿರುವನು. ಯಾರೂ ಸಾಯದೆ, ಬಾಲ್ಯದಲ್ಲಿ ಪ್ರೀತಿಸಿದ ಇಬ್ಬರು ರೈಲುಗೇಟೊಂದರ ಬಳಿ ಎದುರಾಗಿ, ನಡುವೆ ರೈಲು ಹಾದುಹೋದ ಮೇಲೆ ಒಬ್ಬಳು ಅಲ್ಲಿರದಿದ್ದರೆ ಅದು ಮೇಲಿನ ದರ್ಜೆ. ಮಕೋತೊ ಶಿಂಕಾಯಿಯ 2007ರ ‘ಐದು ಸೆಂಟಿಮೀಟರ್’ ಚಿತ್ರವು ಆ ಕಾರಣದಿಂದ ಆತನಿಗೆ ಪ್ರಮಾಣಗ್ರಂಥ. ‘ಒನ್ ಪೀಸ್’ನ ಮರದ ಹಡಗು ಸತ್ತುದಕ್ಕೆ ಬಂದ ಕಣ್ಣೀರಂತೂ ಉತ್ತಮೋತ್ತಮವಾದುದು. ಜೀವವಿದ್ದ ಮೊಲಕ್ಕಿಂತ ಜೀವವಿಲ್ಲದ ಹಡಗು ಮೇಲಾದುದು ಹೇಗೆಂದು ಕೇಳಿದರೆ, ಹಡಗಿನೊಡನೆ ತಾನು ಇನ್ನೂರಕ್ಕೂ ಮಿಕ್ಕಿದ ಕಂತುಗಳನ್ನು ಕಳೆದಿರುವೆನೆಂದು ಉತ್ತರಿಸುವನು. ಉತ್ತರವು ನಗೆಗೀಡಾಗುವಂತೆ ತೋರಿದರೂ ಹುರುಳಿಲ್ಲದುದಲ್ಲ. ಸಾಕಿದ ಎತ್ತನ್ನು ಸಂತೆಗೆ ಹೊಡೆದ ದಿನ ಊಟ ಬಿಡುವ ರೈತನಿಗೆ ಈ ವಾದವನ್ನು ಯಾರೂ ವಿವರಿಸಬೇಕಾಗಿಲ್ಲ.

‘ಒನ್ ಪೀಸ್’ ಎಂದು ಮಾತು ಬಂತು. ಏಇಚಿರೊ ಓಡ ಎಂಬಾತನು ಈ ಮಂಗಾವನ್ನು, ಅಂದರೆ ಜಪಾನೀ ಚಿತ್ರಕಥೆಯನ್ನು, ಆರಂಭಿಸಿದುದು 1997ರ ಜುಲೈಯಲ್ಲಿ. ಮರು ತಿಂಗಳು, ಆಗಸ್ಟ್ 15ರಂದು, ದಾವಣಗೆರೆ ಜಿಲ್ಲೆ ಹುಟ್ಟಿ, ಬಳ್ಳಾರಿಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು ಅದಕ್ಕೆ ಸೇರಿತು. ತಾಲ್ಲೂಕು ಅಲ್ಲಿ ಎರಡು ದಶಕಗಳ ಕಾಲ ಇದ್ದು, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹಲವಾಗಲಿನ ಜನ ಕುಳಿತಲ್ಲಿಂದ ಏಳದೆ ಇಷ್ಟು ಜಿಲ್ಲೆಗಳನ್ನು ಕಂಡು ಮುಗಿಸಿದರೂ ಓಡನ ಕಡಲುಗಳ್ಳರಿಗೆ ನಿಧಿಯು ಇನ್ನೂ ದೊರೆತಿಲ್ಲ. ಹರಪನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ತಂದೆಯ ಪಹಣಿಗಾಗಿ ಸರದಿಯಲ್ಲಿ ನಿಂತು ಬಂದಂದು ಮಾತ್ರ, ಮುಗಿಯದ ಕಥೆಗಳಲ್ಲಿ ತನಗೆ ಪೂರ್ವಾಭ್ಯಾಸವಿರುವುದು ಒಳ್ಳೆಯದೇ ಆಯಿತೆಂದು ಜಪಾನಪ್ಪನು ಒಪ್ಪಿಕೊಂಡನು.

ಆಟಗಳ ವಿಷಯದಲ್ಲಿ ಆತನ ಪಾಂಡಿತ್ಯವು ಇನ್ನೂ ಸೂಕ್ಷ್ಮತರವಾದುದು. ಆಡುವವನನ್ನು ಅಳಿಸುವುದೇ ಉದ್ದೇಶವಾಗಿರುವ ಕಂಪ್ಯೂಟರ್ ಆಟಗಳು ಜಪಾನಿನಲ್ಲಿವೆ. ‘ಕ್ಲಾನಾಡ್’ 2004ರಲ್ಲಿ ಹಾಗೆ ಆಟವಾಗಿ ಹುಟ್ಟಿ, ಆಮೇಲೆ ಕ್ಯೋಟೋ ಆ್ಯನಿಮೇಶನ್ ಸಂಸ್ಥೆಯ ಕೈಯಲ್ಲಿ ಟಿ.ವಿ. ಮಾಲಿಕೆಯಾಯಿತು. 1997ರ ‘ಫೈನಲ್ ಫ್ಯಾಂಟಸಿ’ಯ ಏಳನೆಯ ಆಟದಲ್ಲಿ ಏರಿತ್ ಎಂಬ ಹೂವಾಡಗಿತ್ತಿಯನ್ನು ಕಥೆಯ ನಡುವಿನಲ್ಲಿಯೇ ಕೊಂದುಬಿಡುವರಷ್ಟೆ, ಅದುವರೆಗೆ ಆಟಗಾರನು ಬೆವರು ಸುರಿಸಿ ಬೆಳೆಸಿದ ಆಕೆಯ ಶಕ್ತಿಗಳೆಲ್ಲ ಆಕೆಯೊಡನೆಯೇ ನಷ್ಟವಾಗುವುದರಿಂದ, ಚಲಚ್ಚಿತ್ರದ ದುಃಖಕ್ಕಿಲ್ಲದ ಒಂದು ಜವಾಬ್ದಾರಿಯು ಈ ದುಃಖಕ್ಕಿದೆಯೆಂದು ಜಪಾನಪ್ಪನು ಪ್ರತಿಪಾದಿಸುವನು. ಇಷ್ಟೆಲ್ಲ ಹೇಳುವ ಆತನು ಆ ಆಟವನ್ನು ಆಡಿದವನಲ್ಲವೆಂಬುದು ನನಗೆ ತಡವಾಗಿ ಗೊತ್ತಾಯಿತು. ಯಾರೋ ಅಮೆರಿಕದ ಹುಡುಗನು ಆಡುತ್ತ ಅತ್ತುದನ್ನು ಯೂಟ್ಯೂಬಿನಲ್ಲಿ ಕಂಡು ಈತನೂ ಅತ್ತಿರುವನು. ಆಟಕ್ಕೆ ಬೇಕಾದ ಯಂತ್ರದ ಬೆಲೆಯಲ್ಲಿ ಒಂದು ಕರೆಯುವ ಎಮ್ಮೆ ಬರುವುದೆಂಬ ವಾಸ್ತವವನ್ನು ನೆನೆದಾಗ ಈ ಪರೋಕ್ಷ ರೋದನವನ್ನು ಆಕ್ಷೇಪಿಸಲು ನನಗೆ ಮನಸ್ಸಾಗದು.

ಡಬ್ಬಿಂಗ್ ನೋಡುವವರನ್ನು ಆತನು ಪಂಕ್ತಿಯಿಂದಲೇ ಹೊರಗಿಡುವನು. ಜಪಾನೀ ಧ್ವನಿ, ಕೆಳಗೆ ಇಂಗ್ಲಿಷ್ ಅಕ್ಷರ, ಇದಲ್ಲದೆ ಬೇರೊಂದು ಬಗೆಯಲ್ಲಿ ನೋಡಿದವನಿಗೆ ಅಭಿಪ್ರಾಯ ಹೇಳುವ ಅಧಿಕಾರವಿಲ್ಲ. ಹೀಗಿದ್ದೂ, 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಚಿತ್ರವು ಭಾರತದ ಟಾಕೀಸುಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗುಗಳಿಗೆ ದೊರೆತ ಮರ್ಯಾದೆ ಕನ್ನಡಕ್ಕೆ ದೊರೆಯಲಿಲ್ಲವೆಂದು ಆತನು ಒಂದು ವಾರ ಕುದಿದನು. ಕನ್ನಡದಲ್ಲಿ ಬಂದಿದ್ದರೆ ನೋಡುತ್ತಿದ್ದೆಯೇನಪ್ಪಾ ಎಂದು ಕೇಳಿದೆನು. “ಛೇ, ಡಬ್ ಯಾರ್ ನೋಡ್ತಾರ ಸರ್? ಆದ್ರೂ ಮಾಡ್ಬೇಕಿತ್ತು” ಎಂದನು. ಕನ್ನಡಾಭಿಮಾನದ ಈ ರೂಪವು ನನಗೆ ಅಪರಿಚಿತವಾದುದೇನಲ್ಲ.

ಆದರೆ ಆತನ ಧರ್ಮಶಾಸ್ತ್ರದಲ್ಲಿ ಮಹಾಪಾತಕವೆಂದರೆ ಸ್ಪಾಯ್ಲರ್. ಕಥೆಯ ಕೊನೆಯನ್ನು ನೋಡದವನಿಗೆ ಹೇಳುವುದು. ಈ ಒಂದು ಅಪರಾಧಕ್ಕಾಗಿ ಆತನು ಹರಿಹರದ ಪ್ರಾಣಮಿತ್ರನೊಡನೆ ಮಾತು ಬಿಟ್ಟಿರುವನು. ಈ ನಿಯಮವು ಆತನ ಅಜ್ಜಿಯ ತಲೆಗೆ ಎಂದಿಗೂ ಹತ್ತಲಿಲ್ಲ. ಈಗ ನಮ್ಮ ಜಿಲ್ಲೆಯದೇ ಆಗಿರುವ ಹಂಪೆಯ ರಾಘವಾಂಕನು ಹಾಡಿದ ಹರಿಶ್ಚಂದ್ರನ ಕಥೆಯನ್ನು ಆಕೆ ಬಯಲಾಟದಲ್ಲಿ, ಕಂಪನಿ ನಾಟಕದಲ್ಲಿ, ಸಿನಿಮಾದಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿರುವಳು. ಹಾವು ಕಚ್ಚಿದ ಲೋಹಿತಾಶ್ವನು ಕೊನೆಗೆ ಎದ್ದು ಕೂಡುವನೆಂಬುದು ಆಕೆಗೆ ಚಂದ್ರಮತಿಗಿಂತ ಚೆನ್ನಾಗಿ ಗೊತ್ತು. ಹಾಗಿದ್ದೂ ಪ್ರತಿ ಸಲವೂ ಸುಡುಗಾಡಿನ ದೃಶ್ಯ ಬರುವ ಮೊದಲೇ ಸೆರಗು ಕಣ್ಣಿಗೆ ಹೋಗುತ್ತದೆ.

‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಎಂಬ ಚಿತ್ರವು ಇವರಿಬ್ಬರ ನಡುವೆ ಬಂದುದು ಹೀಗೆ. ಅಕಿಯುಕಿ ನೋಸಾಕನು ಯುದ್ಧಕಾಲದಲ್ಲಿ ಅನ್ನವಿಲ್ಲದೆ ತೀರಿಕೊಂಡ ತನ್ನ ಪುಟ್ಟ ತಂಗಿಯನ್ನು ನೆನೆದು 1967ರಲ್ಲಿ ಬರೆದ ಕಥೆಯನ್ನು ಇಸಾವೊ ತಕಹಾತನು 1988ರಲ್ಲಿ ತೆರೆಗೆ ತಂದನು. 2024ರಲ್ಲಿ ಅದು ನೆಟ್‌ಫ್ಲಿಕ್ಸಿಗೆ ಬಂದಿತು. ನಡುರಾತ್ರಿ ಮೊಮ್ಮಗನು ಬಿಕ್ಕುವುದನ್ನು ಕೇಳಿ ಅಜ್ಜಿ ಎದ್ದು ಬಂದು, “ಯಾಕೋ ತಮ್ಮಾ, ಯಾರರ ತೀರಿಕ್ಯಂಡ್ರೇನೋ?” ಎಂದಳು. ತೀರಿಕೊಂಡವಳು ಆ ಚಿತ್ರದ ನಾಲ್ಕು ವರ್ಷದ ತಂಗಿ ಸೆತ್ಸುಕೊ. ಅಜ್ಜಿಗೆ ಏನೂ ಹೇಳಬಾರದು, ಮೊದಲಿನಿಂದ ನೋಡಿದರೇ ಸ್ವಾರಸ್ಯವೆಂದು ಆತನು ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದನು. ಆರಂಭವಾದೊಡನೆ ಹುಡುಗನೊಬ್ಬನು ತೆರೆಯ ಮೇಲೆ ನಿಂತು, 1945ರ ಸೆಪ್ಟೆಂಬರ್ 21ರ ರಾತ್ರಿ ತಾನು ಸತ್ತೆನೆಂದು ತಾನೇ ಹೇಳಿದನು. ಆತನು ಏನೆಂದನೆಂದು ಅಜ್ಜಿ ಕೇಳಿದಳು. ಮೊಮ್ಮಗನು ಅನುವಾದಿಸಬೇಕಾಯಿತು.

“ಕೊನಿ ಹೇಳಬಾರದು ಅಂತಿದ್ಯಲ್ಲೋ, ಅವ್ನೇ ಹೇಳ್ಬಿಟ್ನಲ್ಲ!”

ಎಂಥ ಮೀಮಾಂಸಕನೂ ಇಂಥ ಪೆಟ್ಟಿನಿಂದ ತತ್‌ಕ್ಷಣ ಚೇತರಿಸಿಕೊಳ್ಳಲಾರನು. ಜಪಾನಪ್ಪನು ಮರುದಿನ ಸಂಜೆಯ ಹೊತ್ತಿಗೆ, ಕೊನೆ ಹೇಳುವ ಹಕ್ಕು ಕಥೆಗಾರನೊಬ್ಬನಿಗೆ ಮಾತ್ರ ಇರುವುದೆಂಬ ಅಪವಾದಸೂತ್ರವನ್ನು ರಚಿಸಿಕೊಂಡು ಬಂದನು. ಅಷ್ಟರಲ್ಲಿ ಕಾಲ ಮಿಂಚಿತ್ತು. ಕಟ್ಟೆಯ ಮೇಲೆ ಕುಳಿತ ಓಣಿಯ ಹೆಂಗಸರಿಗೆಲ್ಲ ಅಜ್ಜಿಯು ತಂಗಿ ಸಾಯುವುದನ್ನೂ ಅಣ್ಣ ಸಾಯುವುದನ್ನೂ ಅಕ್ಕಿ ಆರಿಸುತ್ತಲೇ ಹೇಳಿ ಮುಗಿಸಿದ್ದಳು. ಆತನು ತಲೆಯ ಮೇಲೆ ಕೈ ಹೊತ್ತು ಕುಳಿತನು. ಹೆಂಗಸರಾದರೋ, ಕೊನೆ ತಿಳಿದ ಮೇಲೆಯೇ ನೋಡುವ ಉತ್ಸಾಹ ಹುಟ್ಟಿದವರಾಗಿ, ಅಂದು ರಾತ್ರಿ ಊಟ ಮುಗಿಸಿ ಬಂದು, ಗೋಡೆಗೆ ಆನಿಸಿಟ್ಟ ಅಂಗೈಯಗಲದ ಫೋನಿನ ಮುಂದೆ ನೆರೆದರು. ಅವರಿಗೆ ಜಪಾನೀ ಬಾರದು, ಇಂಗ್ಲಿಷ್ ಅಕ್ಷರವೂ ತಿಳಿಯದು. ಆದಕಾರಣ ಡಬ್ಬಿಂಗಿನ ಪರಮಶತ್ರುವಾದ ನಮ್ಮ ಪಂಡಿತನೇ ಒಂದೂವರೆ ಗಂಟೆಯ ಕಾಲ ಅಣ್ಣನಾಗಿ, ತಂಗಿಯಾಗಿ, ಅನ್ನ ಹಾಕಿದ್ದನ್ನು ಎತ್ತಿ ಆಡುವ ಚಿಕ್ಕಮ್ಮನಾಗಿ ಹಲವಾಗಲಿನ ಕನ್ನಡದಲ್ಲಿ ಮಾತನಾಡಿದನು.

ಆ ಚಿಕ್ಕಮ್ಮನು ಸತ್ತ ತಾಯಿಯ ಸೀರೆಗಳಂತಹ ಉಡುಪುಗಳನ್ನು ಮಾರಿಸಿ ಅಕ್ಕಿ ತರಿಸಿ, ತನ್ನವರಿಗೆ ಪಾತ್ರೆಯ ತಳದ ಗಟ್ಟಿಯನ್ನೂ ಪರದೇಶಿ ಮಕ್ಕಳಿಗೆ ಮೇಲಿನ ತಿಳಿಯನ್ನೂ ಬಡಿಸುವ ದೃಶ್ಯದಲ್ಲಿ ಸಭೆಯು ಕೆರಳಿತು. “ಇಕಿ ಕೈ ಸೇದಿಹೋಗ!” ಎಂದಳು ಒಬ್ಬಳು. ಆದರೆ ಮಕ್ಕಳು ಮನೆ ಬಿಟ್ಟು ಕೆರೆಯ ದಂಡೆಯ ಗವಿಗೆ ಹೋದಾಗ ಪಕ್ಷ ಎರಡಾಯಿತು: ಆಕೆ ಅಂದರೆ ಅನ್ನಲಿ, ಸಣ್ಣ ಕೂಸಿನ ಮುಖ ನೋಡಿ ಸೈರಿಸಬೇಕಾಗಿತ್ತು, ಆ ಹುಡುಗನಿಗೆ ಬಿಂಕ ಹೆಚ್ಚಾಯಿತು ಎಂದು ಕೆಲವರು, ತಾಯಿ ಸತ್ತ ಮಗುವಿಗೆ ಬಿಂಕ ಬಿಟ್ಟು ಬೇರೇನು ಉಳಿದಿತ್ತು ಎಂದು ಉಳಿದವರು. ಜಗತ್ತಿನ ಅನಿಮೆ ಪಂಡಿತರೆಲ್ಲ ಈ ಚಿತ್ರದ ಬಗ್ಗೆ ಎಷ್ಟೋ ವರ್ಷಗಳಿಂದ ನಡೆಸಿರುವ ವಿವಾದವೂ ಇದೇ. ಅದರ ಎರಡು ಕಡೆಯ ವಾದಗಳೂ ಜಪಾನಪ್ಪನಿಗೆ ಕಂಠಪಾಠವಾಗಿದ್ದುವು. ಹೇಳಲು ಆತನು ಎರಡು ಸಲ ಬಾಯಿ ತೆರೆದನು. “ನೀ ಸುಮ್ನ ಅವ್ರೇನಂದ್ರು ಅದನ್ನ ಹೇಳು” ಎಂದು ಎರಡು ಸಲವೂ ಗದರಿಸಿ ಕೂಡಿಸಿದರು.

ಚಿತ್ರ ಮುಗಿದ ಮೇಲೆ ಎಲ್ಲರೂ ಮೂಗೊರೆಸಿಕೊಂಡು, ಚಿಕ್ಕಮ್ಮನಿಗೆ ಇನ್ನೆರಡು ಶಾಪ ಹಾಕಿ ಎದ್ದರು. ಅಜ್ಜಿ ಮಾತ್ರ ಕುಳಿತೇ ಇದ್ದಳು.

“ನಾಳಿಗೆ ಇಂಥದ್ದೇ ಇನ್ನೊಂದು ಹಚ್ಚೋ ತಮ್ಮಾ. ಆದ್ರ ಕೊನೀಗೆ ಯಾರ್ ಸಾಯ್ತಾರ ಅನ್ನೋದು ಹೊತ್ತಿದ್ದಂಗೇ ಹೇಳಿರು. ಕಟ್ಟಿ ಮ್ಯಾಲೆ ಕೇಳ್ತಾರ.”