ಏಕದಿನ ಪ್ರವಾಸ ಮೀಮಾಂಸೆ

ಬೆಂಗಳೂರಿನ ಸಂಸಾರಗಳಲ್ಲಿ ಗುರುವಾರ ರಾತ್ರಿ ಊಟದ ಹೊತ್ತಿಗೆ ಶುರುವಾಗಿ, ಶನಿವಾರ ಮಧ್ಯರಾತ್ರಿಗೂ ಇತ್ಯರ್ಥವಾಗದೆ, ಭಾನುವಾರ ಗಾಡಿ ಹೊರಟ ಮೇಲೂ ಹಿಂದಿನ ಸೀಟಿನಲ್ಲಿ ಮುಂದುವರಿಯುವ ಚರ್ಚೆಗೆ ‘ಒಂದು ದಿನದ ಟ್ರಿಪ್ಪಿನ ಪ್ಲಾನು’ ಎಂದು ಹೆಸರು. ಸೂರ್ಯ ಹುಟ್ಟುವ ಮುನ್ನ ಮನೆ ಬಿಟ್ಟು, ಪ್ರಕೃತಿನಿರ್ಮಿತವಾದ ಒಂದೆರಡು ಸ್ಥಳಗಳನ್ನು ಕಂಡು, ಸೋಮವಾರದ ಇಡ್ಲಿಗೆ ಹಿಟ್ಟು ರುಬ್ಬುವ ವೇಳೆಗೆ ಹಿಂತಿರುಗುವುದು ಇದರ ಲಕ್ಷಣ. ಇಲ್ಲಿ ‘ಪ್ರಕೃತಿನಿರ್ಮಿತ’ವೆಂದರೆ ಮನುಷ್ಯನ ಕೈವಾಡವಿಲ್ಲದೆ ಉಂಟಾದದ್ದು ಎಂದರ್ಥ, ಆದರೆ ಅದರ ಬುಡದವರೆಗೆ ಟಾರು ರಸ್ತೆ, ಮೈಮೇಲೆ ಮೆಟ್ಟಿಲು, ಅಂಚಿಗೆ ಕಂಬಿ, ಪಕ್ಕದಲ್ಲಿ ಎಳನೀರಿನ ರಾಶಿ ಮತ್ತು ನೆರಳಿನಲ್ಲಿ ಗಾಡಿ ನಿಲ್ಲಿಸಲು ಜಾಗ ಇರತಕ್ಕದ್ದೆಂಬ ವಿಷಯದಲ್ಲಿ ಎಲ್ಲ ಪಂಥಗಳಿಗೂ ಒಮ್ಮತವಿದೆ.

ಈ ಚರ್ಚೆಗೆ ಮೂಲ ಕಾರಣ ಭೂಗೋಳದಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ಕುಳಿತಿರುವ, ಹೇಳಿಕೊಳ್ಳುವಂಥ ದೊಡ್ಡ ನದಿಯಿಲ್ಲದ ಊರಾದ್ದರಿಂದ, ಇಲ್ಲಿನವರಿಗೆ ಧುಮ್ಮಿಕ್ಕುವ ನೀರು ಬೇಕೆಂದರೂ ಏರುವ ಬೆಟ್ಟ ಬೇಕೆಂದರೂ ಊರು ದಾಟದೆ ಗತ್ಯಂತರವಿಲ್ಲ. ಪುಣ್ಯಕ್ಕೆ ಊರಿನ ಪಶ್ಚಿಮಕ್ಕೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಶಿಲಾಪಟ್ಟಿಯೊಂದು ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಉದ್ದಕ್ಕೆ ಹಾದುಹೋಗಿದೆ. ನೆಲದಾಳದಲ್ಲಿ ಕರಗಿದ್ದ ಶಿಲಾರಸ ಅವಸರವಿಲ್ಲದೆ ಆರಿ ಗಟ್ಟಿಯಾದದ್ದು ಗ್ರಾನೈಟ್. ಅವಸರವಿಲ್ಲದ್ದರಿಂದಲೇ ಅದರಲ್ಲಿ ಹರಳುಗಳು ದೊಡ್ಡದಾಗಿ ಬೆಳೆದಿದ್ದು, ರಾಮನಗರದ ಬಂಡೆಗೆ ಮುಖ ಹತ್ತಿರ ತಂದು ನೋಡಿದವರಿಗೆ ಬೂದುಬಣ್ಣದ ನಡುವೆ ಹೆಬ್ಬೆರಳ ಉಗುರಿನಗಲದ ಗುಲಾಬಿ ತುಣುಕುಗಳು ಕಾಣಸಿಗುತ್ತವೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನ ಹೆಸರಿನಿಂದ ರಾಮನಗರ ಹಿಂದೆ ಕ್ಲೋಸ್‌ಪೇಟೆಯಾಗಿತ್ತು; ಊರು ಹೆಸರು ಬದಲಾಯಿಸಿಕೊಂಡ ಮೇಲೂ ಕಲ್ಲು ಮಾತ್ರ ಹಳೆಯ ವಿಳಾಸದಲ್ಲೇ ಉಳಿದುಕೊಂಡಿದೆ.

ಬೆಟ್ಟಗಳು ಹೀಗೆ ಕದಲದೆ ನಿಂತಿರುವಾಗ ಪ್ಲಾನಿನಲ್ಲಿ ಕದಲತಕ್ಕವರು ಮನುಷ್ಯರೊಬ್ಬರೇ ಆದ್ದರಿಂದ, ಈ ವಿಷಯವನ್ನು ಭೂಗೋಳಕ್ಕಿಂತ ಸಮಾಜಶಾಸ್ತ್ರದ ಶಾಖೆಯೆಂದು ಪರಿಗಣಿಸುವುದೇ ಸೂಕ್ತ. ಮನೆಯ ಸದಸ್ಯರನ್ನು ಸ್ಥೂಲವಾಗಿ ನಾಲ್ಕು ಪಂಥಗಳಾಗಿ ವಿಂಗಡಿಸಬಹುದು.

ಮೊದಲನೆಯದು ಉದಯಪಂಥ. ಕಾಲೇಜಿಗೆ ಹೋಗುವ ಮಕ್ಕಳು ಮತ್ತು ಹೊಸದಾಗಿ ಕ್ಯಾಮೆರಾ ಕೊಂಡವರು ಸೇರಿರುವ ಈ ಪಂಥಕ್ಕೆ, ವಾರದ ಉಳಿದ ಆರು ದಿನ ಎಂಟು ಗಂಟೆಗೂ ಏಳಲಾಗದ ಕಷ್ಟವಿದ್ದರೂ, ಭಾನುವಾರ ನಂದಿಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಲೇಬೇಕೆಂಬ ಹಟ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, 1,478 ಮೀಟರ್ ಎತ್ತರದಲ್ಲಿರುವ ನಂದಿಯಲ್ಲಿ ಊರಿಗಿಂತ ಮೂರು ನಾಲ್ಕು ಡಿಗ್ರಿಯಷ್ಟು ಹೆಚ್ಚು ಚಳಿ. ಎತ್ತರಕ್ಕೆ ಹೋದಂತೆ ಗಾಳಿ ಹಿಗ್ಗಿ ತಣ್ಣಗಾಗುವುದು ಇದಕ್ಕೆ ಕಾರಣ. ಇಳಿಜಾರು ಹಿಡಿದು ಮೇಲೇರುವ ತೇವದ ಗಾಳಿ ಹೀಗೆ ತಣ್ಣಗಾದಾಗ ಅದರಲ್ಲಿನ ಆವಿ ಸಣ್ಣ ಹನಿಗಳಾಗಿ ತೇಲತೊಡಗುತ್ತದೆ, ಅದಕ್ಕೇ ಮಂಜೆಂದು ಹೆಸರು. ಪರಿಣಾಮವಾಗಿ, ಸೂರ್ಯನನ್ನು ನೋಡಲೆಂದು ಮೂರು ಗಂಟೆಗೆ ಎದ್ದವರು ದಾರಿಯುದ್ದಕ್ಕೂ ಮುಂದಿನ ಕಾರಿನ ಕೆಂಪು ದೀಪವನ್ನೂ, ಮೇಲೆ ತಲಪಿದ ಮೇಲೆ ಬೆಳ್ಳನೆಯ ಶೂನ್ಯವನ್ನೂ ನೋಡುತ್ತಾರೆ. ಆ ಹೊತ್ತಿನಲ್ಲಿ ತೆಗೆದ ಫೋಟೋಗಳಲ್ಲಿ ಸ್ವೆಟರ್ ತೊಟ್ಟ ಚಿಕ್ಕಮ್ಮ ಸ್ಪಷ್ಟವಾಗಿಯೇ ಬಂದಿದ್ದರೂ, ಹಿನ್ನೆಲೆಯ ಆಧಾರದ ಮೇಲೆ ಅವು ನಂದಿಯವೋ ರಾಜಾಜಿನಗರದ ಸ್ಟುಡಿಯೋದವೋ ಎಂದು ನಿರ್ಣಯಿಸುವುದು ತಜ್ಞರಿಗೂ ಕಷ್ಟ. ಒಂಬತ್ತು ಗಂಟೆಗೆ ಮಂಜು ಕರಗಿ ಬಯಲೆಲ್ಲ ಕಾಣುವ ಹೊತ್ತಿಗೆ ಇವರು ಕೆಳಗಿಳಿದು, ಸ್ವೆಟರನ್ನು ಯಾರ ಕೈಗೆ ಕೊಡುವುದೆಂಬ ಜಿಜ್ಞಾಸೆಯಲ್ಲಿರುತ್ತಾರೆ.

ಎರಡನೆಯದು ದರ್ಶನಪಂಥ. ಬುಡದಲ್ಲಿ ದೇವರಿಲ್ಲದ ಬೆಟ್ಟಕ್ಕೆ ಪೆಟ್ರೋಲು ಸುಡುವುದು ದಂಡವೆಂಬುದು ಅಜ್ಜಿ ತಾತಂದಿರ ಈ ಪಂಥದ ಮೂಲ ಸಿದ್ಧಾಂತ. ನಾಡಿನ ಹಿರಿಯರು ಈ ಆಕ್ಷೇಪಣೆಯನ್ನು ಶತಮಾನಗಳ ಹಿಂದೆಯೇ ಊಹಿಸಿದ್ದರೆಂದು ತೋರುತ್ತದೆ. ನಂದಿಯ ತಪ್ಪಲಲ್ಲಿ ಭೋಗನಂದೀಶ್ವರ, ತುದಿಯಲ್ಲಿ ಯೋಗನಂದೀಶ್ವರ. ಸಾವನದುರ್ಗದ ಅಡಿಯಲ್ಲಿ ವೀರಭದ್ರ ಮತ್ತು ನರಸಿಂಹ. ರಾಮದೇವರ ಬೆಟ್ಟಕ್ಕಂತೂ ಹೆಸರಿನಲ್ಲೇ ದೇವರು. “ಹತ್ತೋರು ಹತ್ತಿ ಬನ್ನಿ, ನಾವು ಇಲ್ಲೇ ಕೂತಿರ್ತೀವಿ” ಎಂದು ಕಲ್ಲಿನ ಮಂಟಪದ ತಂಪಿನಲ್ಲಿ ಕಾಲು ಚಾಚಿ, ಪಕ್ಕದ ಕಂಬಕ್ಕೆ ಒರಗಿದ ಅಪರಿಚಿತರೊಡನೆ ಅರ್ಧ ಗಂಟೆಯಲ್ಲಿ ಸಂಬಂಧ ಪತ್ತೆಹಚ್ಚಿ, ಪ್ರಸಾದ ತಿಂದು ಒಂದು ನಿದ್ರೆಯನ್ನೂ ಮುಗಿಸುವ ಇವರೇ ಇಡೀ ತಂಡದಲ್ಲಿ ಪ್ರವಾಸದ ಪೂರ್ಣ ಫಲ ಪಡೆಯುವವರೆಂಬುದು ಗಮನಾರ್ಹ.

ಸಾವನದುರ್ಗದ ಬಗ್ಗೆ ಇಲ್ಲಿ ಎರಡು ಮಾತು ಅವಶ್ಯ. ಮಾಗಡಿ ತಾಲ್ಲೂಕಿನಲ್ಲಿ 1,226 ಮೀಟರ್ ಎತ್ತರಕ್ಕೆ ನಿಂತಿರುವ ಇದು ‘ಏಕಶಿಲಾ ಬೆಟ್ಟ’, ಅಂದರೆ ಬಂಡೆಗಳು ಸೇರಿ ಆದದ್ದಲ್ಲದೆ ಒಂದೇ ಬಂಡೆ ಬೆಟ್ಟದಷ್ಟು ಬೆಳೆದದ್ದು. ಏಷ್ಯಾದ ಅತಿ ದೊಡ್ಡ ಏಕಶಿಲೆಗಳ ಸಾಲಿನಲ್ಲಿ ಇದರ ಹೆಸರಿದೆ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳ ಈ ದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕಡೆಯವರಿಂದ ವಶಪಡಿಸಿಕೊಂಡಿತು. ಆ ಸೇನೆ ಫಿರಂಗಿಗಳನ್ನು ಎಳೆಸಿಕೊಂಡು ಬಂದಿತ್ತು. ಈಗ ದಾಳಿಯಿಡುವ ಆರು ಜನರ ಸಂಸಾರ ಜಮಖಾನೆ, ಎರಡು ಕ್ಯಾನು ನೀರು, ಬ್ಯಾಡ್ಮಿಂಟನ್ ಬ್ಯಾಟು, ಮಂಡಿಗೆ ಹಚ್ಚುವ ಎಣ್ಣೆ ಮತ್ತು ಯಾರೂ ಮುಚ್ಚಳ ತೆರೆಯದ ಪ್ರಥಮ ಚಿಕಿತ್ಸೆಯ ಡಬ್ಬಿಯೊಡನೆ ಬರುತ್ತದೆ. ಸಾಮಾನಿನ ಪಟ್ಟಿಯನ್ನು ಹೋಲಿಸಿದರೆ, ಮುತ್ತಿಗೆಗೆ ಹೆಚ್ಚು ಸಿದ್ಧರಾಗಿದ್ದವರು ಯಾರೆಂಬುದು ವಿವಾದಾಸ್ಪದ.

ಮೂರನೆಯ ಜಲಪಂಥದಲ್ಲಿ ಮಕ್ಕಳೂ, ಬಟ್ಟೆ ಒದ್ದೆಯಾಗುವ ಚಿಂತೆಯಿಲ್ಲದ ಸೋದರಮಾವಂದಿರೂ ಇರುತ್ತಾರೆ. ಇವರ ಪರಮಧಾಮ 130 ಕಿಲೋಮೀಟರ್ ಆಚೆಯ ಶಿವನಸಮುದ್ರ. ಅಲ್ಲಿ ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಜಲಪಾತಗಳಾಗುತ್ತಾಳೆ. ಒಂದನ್ನು ಕಂಡ ಮೇಲೆ ಇನ್ನೊಂದಕ್ಕೆ ಸುತ್ತು ಬಳಸಿ ಹೋಗಬೇಕು. ಪ್ಲಾನು ಮಾಡುವವರು ಮರೆಯುವ ಸಂಗತಿಯೆಂದರೆ ಕಾವೇರಿ ಇಲ್ಲಿ ಉದ್ಯೋಗಸ್ಥೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ಅಂದಿನಿಂದಲೂ ಬೇಸಿಗೆಯಲ್ಲಿ ಇರುವಷ್ಟು ನೀರಿಗೆ ಪ್ರೇಕ್ಷಕರಿಗಿಂತ ಮೊದಲು ಕೆಲಸದ ಕರೆ. ಆದ್ದರಿಂದ ಮುಂಗಾರಿನ ನಂತರ ಹೋದವರಿಗೆ ಜಲಪಾತ ಕಾಣುತ್ತದೆ, ಏಪ್ರಿಲಿನಲ್ಲಿ ಹೋದವರಿಗೆ ಜಲಪಾತವಿದ್ದ ಜಾಗ ಕಾಣುತ್ತದೆ. ಆಗ ಮನೆಯ ಹಿರಿಯರೊಬ್ಬರು ಕಂಬಿಗೆ ಒರಗಿ ನಿಂತು, ಎರಡೂ ಕೈಗಳನ್ನು ಭುಜದೆತ್ತರಕ್ಕೆ ಎತ್ತಿ ರಭಸವಾಗಿ ಕೆಳಗಿಳಿಸುತ್ತಾ, “ಅಲ್ಲಿಂದ ಹೀಗೇ ಬೀಳುತ್ತೆ ನೋಡು, ಮಾತಾಡಿದ್ದು ಕೇಳಲ್ಲ” ಎಂದು ತೋರಿಸುತ್ತಾರೆ. ಮಕ್ಕಳು ಒಣ ಬಂಡೆಯನ್ನೂ ತಾತನ ಕೈಯನ್ನೂ ಒಂದಾದ ಮೇಲೊಂದು ನೋಡಿ ಜಲಪಾತವನ್ನು ಜೋಡಿಸಿಕೊಳ್ಳುತ್ತಾರೆ.

ನಾಲ್ಕನೆಯದಾದ ತಿಂಡಿಪಂಥ ಯಾವ ಸ್ಥಳಕ್ಕೂ ವಿರೋಧ ತೋರುವುದಿಲ್ಲ. ಹೋಗುವ ರಸ್ತೆಯನ್ನಷ್ಟೇ ಅದು ಗೊತ್ತುಮಾಡುತ್ತದೆ. ಬಿಡದಿಯ ತಟ್ಟೆ ಇಡ್ಲಿಯಿರುವ ದಿಕ್ಕಿನಲ್ಲೇ ಪ್ರಕೃತಿ ತನ್ನ ಶ್ರೇಷ್ಠ ಬಂಡೆಗಳನ್ನು ಇಟ್ಟಿದೆಯೆಂಬುದು ಇದರ ನಂಬಿಕೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬದಿಗಿಟ್ಟು ಹಾದುಹೋಗುವುದರಿಂದ ಈ ಪಂಥಕ್ಕೆ ಧರ್ಮಸಂಕಟ ಒದಗಿದೆ: ಟೋಲು ಕೊಟ್ಟು ಉಳಿಸಿದ ಅರ್ಧ ಗಂಟೆಯನ್ನು, ಇಡ್ಲಿಗಾಗಿ ಕೆಳಗಿಳಿದು ಮತ್ತೆ ಮೇಲೇರುವುದಕ್ಕೆ ಪೂರ್ತಿಯಾಗಿ ವಿನಿಯೋಗಿಸಬೇಕಾಗುತ್ತದೆ. ಮನೆಯಿಂದ ಒಯ್ಯುವ ಬುತ್ತಿಯಲ್ಲಿ ಪುಳಿಯೋಗರೆಗೆ ಅಗ್ರಸ್ಥಾನ. ಹುಣಿಸೆಯ ಹುಳಿ ಮತ್ತು ಎಣ್ಣೆಯ ದೆಸೆಯಿಂದ ಅದು ಸಂಜೆಯವರೆಗೂ ಕೆಡುವುದಿಲ್ಲ. ನಂದಿಯ ಮಂಗಗಳು ಈ ಬುತ್ತಿಯ ವಿಷಯದಲ್ಲಿ ನುರಿತ ವಿಮರ್ಶಕರು. ಸ್ಟೀಲ್ ಡಬ್ಬಿಯನ್ನು ಕಣ್ಣೆತ್ತಿಯೂ ನೋಡದ ಮಂಗ, ಕೈಚೀಲದ ತಳದಲ್ಲಿ ಚಿಪ್ಸ್ ಪ್ಯಾಕೆಟ್ಟು ಚರಪರವೆಂದ ಸದ್ದಿಗೆ ಕಿವಿ ನಿಮಿರಿಸಿ, ಗೋಡೆಯಿಂದ ಜಿಗಿದು, ಎರಡೇ ಬೆರಳಲ್ಲಿ ಅದನ್ನು ಹೊರಗೆಳೆದು, ಮನುಷ್ಯರು ಹಲ್ಲಿನಿಂದ ಕಚ್ಚಿದರೂ ಹರಿಯದ ಮೂಲೆಯನ್ನು ಒಂದೇ ಸೆಳೆತಕ್ಕೆ ಹರಿದು, ಖಾರದ್ದಾದರೆ ಮೂಸಿ ಬಿಸಾಡುತ್ತದೆ.

ನಾಲ್ಕೂ ಪಂಥಗಳ ನಡುವೆ ರಾಜಿಯಾಗುವ ಕ್ರಮವೇ ಈ ಶಾಸ್ತ್ರದ ಹೃದಯಭಾಗ. ತರ್ಕಶಾಸ್ತ್ರದಲ್ಲಿ ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೇ ಎಂದು ತಿಳಿಯುವುದಕ್ಕೆ ಸ್ಥಾಲೀಪುಲಾಕ ನ್ಯಾಯವೆನ್ನುತ್ತಾರೆ; ಪ್ರವಾಸಶಾಸ್ತ್ರದಲ್ಲಿ ಬಳಕೆಯಾಗುವುದಕ್ಕೆ ‘ಹೇಗೂ ನ್ಯಾಯ’ವೆನ್ನಬಹುದು. ಒಂದು ಸ್ಥಳ ಗಟ್ಟಿಯಾದೊಡನೆ, ಅದರ ಸುತ್ತಮುತ್ತಲಿನ ಎಲ್ಲವೂ ಸ್ವಂತ ಯೋಗ್ಯತೆಯ ಪರೀಕ್ಷೆಗೆ ಒಳಪಡದೆ ಪಟ್ಟಿಗೆ ಸೇರುವುದೇ ಇದರ ರೀತಿ. ಉದಾಹರಣೆಗೆ ಸಾವನದುರ್ಗವೆಂದು ನಿಶ್ಚಯವಾಯಿತೆನ್ನಿ. “ಹೇಗೂ ಆ ಕಡೆ ಹೋಗ್ತಿದ್ದೀವಲ್ಲ, ದೊಡ್ಡ ಆಲದಮರ ನೋಡ್ಕೊಂಡೇ ಹೋಗೋಣ” ಎಂದು ಅತ್ತಿಗೆ ಸೂಚಿಸುತ್ತಾರೆ. ರಾಮೋಹಳ್ಳಿಯ ಬಳಿ ಸುಮಾರು ಮೂರು ಎಕರೆಗೆ ಹರಡಿರುವ, 400 ವರ್ಷ ದಾಟಿದ ಆ ಮರದ ಮುಖ್ಯ ಕಾಂಡ 2000ದ ಸುಮಾರಿಗೆ ರೋಗದಿಂದ ಅಳಿದುಹೋಗಿ, ನೆಲಕ್ಕಿಳಿದು ಬೇರೂರಿದ ಬಿಳಲುಗಳೇ ಕಂಬಗಳಾಗಿ ಸಂಸಾರವನ್ನು ಹೊತ್ತಿವೆ. ಮಕ್ಕಳು ಮೂಲ ಮರ ಯಾವುದೆಂದು ಹುಡುಕುವುದರಲ್ಲಿ ಮುಕ್ಕಾಲು ಗಂಟೆ ಸಲ್ಲುತ್ತದೆ. ಹೇಗೂ ಅಲ್ಲಿಯವರೆಗೆ ಹೋದ ಮೇಲೆ ಅರ್ಕಾವತಿಯ ಮಂಚನಬೆಲೆ ಜಲಾಶಯ. ಹೇಗೂ ಅಷ್ಟು ಬಂದಮೇಲೆ ರಾಮನಗರ. ಅಲ್ಲಿನ ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳಿಗೆಂದೇ ಮೀಸಲಾದ ಧಾಮ. ಆದರೆ 1975ರ ‘ಶೋಲೆ’ ಚಿತ್ರ ಈ ಬಂಡೆಗಳ ನಡುವೆ ತಯಾರಾದದ್ದರಿಂದ, ಬಂದವರ ಕಣ್ಣು ಹದ್ದನ್ನು ಬಿಟ್ಟು ಗಬ್ಬರ್ ಕುಳಿತ ಕಲ್ಲನ್ನು ಅರಸುತ್ತದೆ, ಮತ್ತು ಪ್ರತಿ ತಂಡದ ಭಾವನವರಿಗೂ ಅದು ಬೇರೆ ಬೇರೆ ಕಲ್ಲೆಂದು ಖಚಿತವಾಗಿ ಗೊತ್ತಿರುತ್ತದೆ. ಹೇಗೂ ಪಕ್ಕದಲ್ಲೇ ಚನ್ನಪಟ್ಟಣ, ಮರದ ಗೊಂಬೆ. ಈ ಎಲ್ಲ ‘ಹೇಗೂ’ಗಳನ್ನು ಕೂಡಿ ಕಳೆದ ಮೇಲೆ, 250 ಕೋಟಿ ವರ್ಷದ ಸಾವನದುರ್ಗಕ್ಕೆ ಉಳಿಯುವ ಕಾಲಾವಕಾಶ ಇಪ್ಪತ್ತು ನಿಮಿಷ.

ಇಷ್ಟಕ್ಕೂ ಲೆಕ್ಕ ಸರಿಯಿದೆಯೆಂದು ಎಲ್ಲರೂ ನಂಬುವುದಕ್ಕೆ ಫೋನಿನ ನಕ್ಷೆ ಕಾರಣ. ಶನಿವಾರ ನಡುರಾತ್ರಿ ಕೇಳಿದಾಗ ಅದು ಹೇಳುವ ಒಂದು ಗಂಟೆ ಹತ್ತು ನಿಮಿಷ ಸುಳ್ಳಲ್ಲ. ಆ ಹೊತ್ತಿನಲ್ಲಿ ಹೊರಟಿದ್ದರೆ ಅಷ್ಟೇ ಹಿಡಿಯುತ್ತಿತ್ತು. ಭಾನುವಾರ ಸಂಜೆ ಏಳಕ್ಕೆ ಮನೆ ಸೇರುವುದೆಂದು ಪ್ರತಿ ಮನೆಯ ಪ್ಲಾನಿನಲ್ಲೂ ಬರೆದಿರುವುದರಿಂದ, ಆರೂವರೆಗೆ ಎಲ್ಲ ಪ್ಲಾನುಗಳೂ ನಾಯಂಡಹಳ್ಳಿಯಲ್ಲೋ ಹೆಬ್ಬಾಳದಲ್ಲೋ ಒಟ್ಟಿಗೆ ಸೇರಿ, ಎಂಟೂವರೆಯವರೆಗೆ ಪರಸ್ಪರ ಹಾರನ್ನು ಮಾಡುತ್ತಾ ನಿಲ್ಲುತ್ತವೆ.

ಬಂಡೆ ನೋಡಲು ಊರು ದಾಟಲೇಬೇಕೆಂಬ ವಾದಕ್ಕೆ ಪ್ರತ್ಯುದಾಹರಣೆ ಊರಿನೊಳಗೇ ಇದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು, ರಾಮನಗರದ ಕಲ್ಲಿಗಿಂತ ಹಿರಿಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಬಿರುದೂ ಅದಕ್ಕಿದೆ. ಮೆಟ್ರೋ ಇಳಿದು ನಡೆದರೆ ಸಾಕು, ಕೆಂಪೇಗೌಡರ ಗೋಪುರದ ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನಬಹುದು. ಆದರೂ ಅಲ್ಲಿಗೆ ಹೋಗಿಬಂದದ್ದನ್ನು ಯಾವ ಸಂಸಾರವೂ ಟ್ರಿಪ್ಪೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುರುವಾರದಿಂದ ಜಗಳವಾಡದೆ, ಅತ್ತಿಗೆಗೆ ಫೋನು ಮಾಡದೆ, ಪುಳಿಯೋಗರೆಗೆ ಗೊಜ್ಜು ಕುದಿಸದೆ ನೋಡಬಹುದಾದ ಬಂಡೆಗೆ ಸಮಾಜದಲ್ಲಿ ಬೆಲೆಯಿಲ್ಲ.

‘ಹೇಗೂ’ಗಳ ಪಟ್ಟಿ ಅಷ್ಟುದ್ದ ಬೆಳೆಯುವುದಕ್ಕೆ ದುರಾಸೆಯೇ ಕಾರಣವೆಂದು ಹೇಳುವವರಿದ್ದಾರೆ. ಅದು ಪೂರ್ತಿ ನ್ಯಾಯವಲ್ಲ. ಒಬ್ಬರಿಗೆ ಶನಿವಾರವೂ ಕೆಲಸ, ಒಬ್ಬಳಿಗೆ ಪರೀಕ್ಷೆ, ಇನ್ನೊಬ್ಬರಿಗೆ ಮಂಡಿನೋವು. ಆರು ಜನರೂ ಒಂದೇ ಗಾಡಿಯಲ್ಲಿ ಕೂರುವ ಭಾನುವಾರ ವರ್ಷಕ್ಕೆ ಒಂದೆರಡು ಬಂದರೆ ಹೆಚ್ಚು. ಮತ್ತೆ ಹೀಗೆ ಕೂಡುವುದು ಯಾವಾಗಲೋ ಎಂಬ ಅಳುಕಿನಿಂದಲೇ ಅತ್ತಿಗೆ ಆಲದಮರವನ್ನೂ ಭಾವನವರು ಗಬ್ಬರನ ಕಲ್ಲನ್ನೂ ಇರುವ ಒಂದೇ ದಿನದೊಳಕ್ಕೆ ತುರುಕುತ್ತಾರೆ. ಆದಕಾರಣ ಅನುಭವಸ್ಥರು ವಿಧಿಸಿರುವ ಪರಿಹಾರವೆಂದರೆ, ಪಟ್ಟಿಯ ಯಾವ ಸ್ಥಳವನ್ನೂ ಹೊಡೆದುಹಾಕಿ ಯಾರ ಮನಸ್ಸನ್ನೂ ನೋಯಿಸದೆ, ಒಂದನ್ನು ಮಾತ್ರ ಇಂದಿಗೆ ಇರಿಸಿಕೊಂಡು, ಮಿಕ್ಕವನ್ನೆಲ್ಲ ‘ಮುಂದಿನ ಸಲ’ ಎಂಬ ಶೀರ್ಷಿಕೆಯಡಿ ಅದೇ ಹಾಳೆಯ ಹಿಂಬದಿಯಲ್ಲಿ ಬರೆದಿಡುವುದು. ಸಾವನದುರ್ಗ ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆಂಬ ವಿಷಯದಲ್ಲಿ ಭೂವಿಜ್ಞಾನಿಗಳಿಗೆ ಲೇಶವೂ ಸಂಶಯವಿಲ್ಲ. ಆ ಭಾನುವಾರಕ್ಕೆ ಈಗಾಗಲೇ ಬಂದಿರುವ ಎರಡು ಗೃಹಪ್ರವೇಶ ಮತ್ತು ಒಂದು ನಾಮಕರಣದ ಕರೆಗಳು ಮಾತ್ರ ಆ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.