ಹೋಯ್ತು ಸರಿ, ಬಂತಾ?

ತುಮಕೂರಿನ ಮಂಡಿಪೇಟೆಯಲ್ಲಿ ನಾನು ದಿನಸಿ ತರುವ ಅಂಗಡಿಯ ಸೆಟ್ಟರು ವ್ಯಾಕರಣ ಓದಿದವರಲ್ಲ. ಆದರೆ ‘ಹೋಯ್ತು’ ಅನ್ನುವುದಕ್ಕೂ ‘ಬಂತು’ ಅನ್ನುವುದಕ್ಕೂ ಇರುವ ಫರಕನ್ನು ಅವರಷ್ಟು ಚೆನ್ನಾಗಿ ಬಲ್ಲ ಪಂಡಿತರನ್ನು ನಾನು ಕಂಡಿಲ್ಲ. ಗಿರಾಕಿ ಮೊಬೈಲ್ ಎತ್ತಿ ಹಿಡಿದು ‘ಹೋಯ್ತು ಅಂಕಲ್’ ಅನ್ನುತ್ತಾನೆ. ಪರದೆಯ ಮೇಲೆ ಹಸಿರು ಟಿಕ್ಕು ಕುಣಿಯುತ್ತದೆ. ಸೆಟ್ಟರು ಅತ್ತ ತಿರುಗಿಯೂ ನೋಡುವುದಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಯುಪಿಐ ದುಡ್ಡು ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆಗೆ ಕಿವಿ ಕೊಟ್ಟು ಕೂರುತ್ತಾರೆ. ಅದು ಬಾಯಿ ಬಿಡುವ ತನಕ ಬೇಳೆ ಚೀಲದ ಕಿವಿ ಬಿಡುವುದಿಲ್ಲ.

ಈ ಎಚ್ಚರ ಹುಟ್ಟಿನಿಂದ ಬಂದದ್ದಲ್ಲ. ಒಂದು ಸಂಜೆ, ಅಂಗಡಿ ತುಂಬಿದ್ದಾಗ, ಯಾವನೋ ನಕಲಿ ಆ್ಯಪ್‌ನ ಟಿಕ್ಕು ತೋರಿಸಿ ಹದಿನೈದು ಲೀಟರಿನ ಎಣ್ಣೆ ಟಿನ್ನನ್ನು ಸ್ಕೂಟರಿಗೇರಿಸಿಕೊಂಡು ಹೊರಟ. ಹೊರಡುವಾಗ ‘ಹೋಯ್ತು’ ಅಂದಿದ್ದ. ಸುಳ್ಳೇನೂ ಹೇಳಿರಲಿಲ್ಲ. ಟಿನ್ನು ಹೋಗಿತ್ತು.

2025ರ ಜುಲೈನಲ್ಲಿ ಇನ್ನೊಂದು ಸಂಗತಿ ಬಯಲಾಯಿತು: ಆ ಪೆಟ್ಟಿಗೆ ವರ್ಷಗಟ್ಟಲೆ ಕೂಗಿದ್ದು ವಾಣಿಜ್ಯ ತೆರಿಗೆ ಇಲಾಖೆಗೂ ಕೇಳಿಸಿತ್ತು. ಯುಪಿಐ ವಹಿವಾಟು ವರ್ಷಕ್ಕೆ ₹40 ಲಕ್ಷ ದಾಟಿದ ಸಣ್ಣ ವ್ಯಾಪಾರಿಗಳಿಗೆ ರಾಜ್ಯದ ಉದ್ದಗಲಕ್ಕೂ ಜಿಎಸ್‌ಟಿ ನೋಟಿಸು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ₹29 ಲಕ್ಷ ಕಟ್ಟಿ ಅಂತ. ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಚೀಟಿ ಬಿತ್ತು. ನಮ್ಮ ಸೆಟ್ಟರೂ ಕ್ಯೂಆರ್ ಫಲಕವನ್ನು ಲಕ್ಷ್ಮಿ ಫೋಟೊದ ಹಿಂದಕ್ಕೆ ಸರಿಸಿದರು.

ಆ ವಾರವೇ ಬೆಂಗಳೂರಿನಿಂದ ಅವರ ಸೋದರಳಿಯ ಬಂದಿಳಿದ. ಸಾಫ್ಟ್‌ವೇರು, ಗಡ್ಡ, ಬೆನ್ನಿಗೊಂದು ಬ್ಯಾಗು.

‘ಮಾವ, ಬಿಟ್‌ಕಾಯಿನ್ ತಗೊಳ್ಳಿ. ಬ್ಯಾಂಕೂ ಇಲ್ಲ, ನೋಟಿಸೂ ಇಲ್ಲ.’

(2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದೇ ವರ್ಷದ ಜುಲೈನಿಂದ ಶೇ 1 ಟಿಡಿಎಸ್ ಇರುವುದನ್ನು ಅಳಿಯ ಹೇಳಲಿಲ್ಲ. ಜಿಎಸ್‌ಟಿ ನೋಟಿಸಿಗೆ ಅಂಜಿ ಬಿಟ್‌ಕಾಯಿನ್ ಹಿಡಿಯುವುದು ಮಳೆಗೆ ಹೆದರಿ ಕುಣಿಗಲ್ ಕೆರೆಗೆ ಹಾರಿದ ಹಾಗೆ.)

‘ದುಡ್ಡು ಬರೋಕೆ ಎಷ್ಟೊತ್ತಪ್ಪ?’

‘ಸೆಕೆಂಡು ಮಾವ. ಹೋಗೇಬಿಡುತ್ತೆ.’

‘ಹೋಗೋದಲ್ಲ, ಬರೋಕೆ?’

ಅಳಿಯ ಗಡ್ಡ ಕೆರೆದುಕೊಂಡ. ‘ಒಂದು ಕನ್ಫರ್ಮೇಶನ್‌ಗೆ ಹತ್ತು ನಿಮಿಷ. ಗಟ್ಟಿಯಾಗಬೇಕಾದ್ರೆ ಆರು ಬೇಕು, ಒಂದು ಗಂಟೆ ಅನ್ಕೊಳ್ಳಿ. ಆದ್ರೆ ಚಿಲ್ಲರೆ ವ್ಯಾಪಾರದಲ್ಲಿ ಅಷ್ಟೊತ್ತು ಯಾರು ಕಾಯ್ತಾರೆ? ಝೀರೋ ಕನ್ಫರ್ಮೇಶನ್ ಸಾಕು.’

ಶನಿವಾರ ಸಂಜೆ ತುಮಕೂರು ಬಸ್ ನಿಲ್ದಾಣದಲ್ಲಿ ಕುಣಿಗಲ್ ಬಸ್ಸಿಗೆ ಕಾದವರಿಗೆ ಈ ಝೀರೋ ಕನ್ಫರ್ಮೇಶನ್ನನ್ನು ಬಿಡಿಸಿ ಹೇಳಬೇಕಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿಯುತ್ತೇವಲ್ಲ, ಅದೇ. ಟವೆಲ್ ಕೂತಿದೆ, ನಾವಿನ್ನೂ ಕೂತಿಲ್ಲ. ಬಿಟ್‌ಕಾಯಿನ್ ಪಾವತಿಗಳೂ ಹೀಗೆಯೇ, ಮೊದಲು ಮೆಂಪೂಲ್ ಎಂಬ ನಿಲ್ದಾಣದಲ್ಲಿ ಗುಂಪುಗೂಡುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಬ್ಲಾಕ್ ಎಂಬ ಬಸ್ಸು ಬರುತ್ತದೆ. ಅದನ್ನು ಹತ್ತಿದರೆ ಒಂದು ಕನ್ಫರ್ಮೇಶನ್, ಹಿಂದೆ ಬರುವ ಒಂದೊಂದು ಬಸ್ಸಿಗೂ ಇನ್ನೊಂದೊಂದು. ಬಸ್ಸಿನ ಕಂಡಕ್ಟರನಿಗೆ ಮೈನರ್ ಅಂತ ಹೆಸರು. ಯಾರು ಶುಲ್ಕ ಜಾಸ್ತಿ ಕೊಡುತ್ತಾರೋ ಅವರನ್ನೇ ಅವನು ಮೊದಲು ಹತ್ತಿಸುವುದು, ಇದರಲ್ಲಿ ಮುಚ್ಚುಮರೆಯೂ ಇಲ್ಲ. ನಿಮಗೆ ದುಡ್ಡು ಕಳಿಸಿದ ಗಿರಾಕಿ ಅಂಗಡಿ ಮೆಟ್ಟಿಲಿಳಿಯುತ್ತಲೇ ಅದೇ ನಾಣ್ಯವನ್ನು ಹೆಚ್ಚು ಶುಲ್ಕ ಇಟ್ಟು ತನ್ನದೇ ಇನ್ನೊಂದು ವ್ಯಾಲೆಟ್ಟಿಗೆ ಕಳಿಸಿಕೊಂಡನೆನ್ನಿ. ಕಂಡಕ್ಟರ್ ನಿಮ್ಮ ಟವೆಲ್ ಎತ್ತಿ ಕಿಟಕಿಯಿಂದಾಚೆ ಎಸೆಯುತ್ತಾನೆ. ಮಜಾ ಅಂದರೆ ಇದು ಕಳ್ಳಗಿಂಡಿಯಲ್ಲ, ಹೆಬ್ಬಾಗಿಲು. ನಿಲ್ದಾಣದಲ್ಲೇ ಸಿಕ್ಕಿಕೊಂಡ ಪಾವತಿಗೆ ಶುಲ್ಕ ಏರಿಸಿ ಬಿಡಿಸಿಕೊಳ್ಳಲಿ ಅಂತ ಬಿಟ್‌ಕಾಯಿನ್ ಕೋರ್ ತಂತ್ರಾಂಶ 2016ರಲ್ಲಿ ಈ ಅನುಕೂಲ ಮಾಡಿಕೊಟ್ಟಿತು. ಬೇಕಾದವರಿಗೆ ಅಂತಿದ್ದದ್ದು 2024ರಲ್ಲಿ ಅದರ ಮಾಮೂಲಿ ನಿಯಮವೇ ಆಯಿತು.

ಇದನ್ನು ಆ ಕಡೆಯವರು ‘ಡಬಲ್ ಸ್ಪೆಂಡ್’ ಅಂತ ಕರೆದು ಸಂಶೋಧನಾ ಪ್ರಬಂಧ ಬರೆಯುತ್ತಾರೆ. ನಮ್ಮ ಲೇಔಟ್ ಮಹಾನುಭಾವರು ಕಂಪ್ಯೂಟರಿನ ಹಂಗಿಲ್ಲದೆ ಇದನ್ನು ಎಂದೋ ಕರಗತ ಮಾಡಿಕೊಂಡಿದ್ದಾರೆ. ಒಂದೇ ಮೂವತ್ತು-ನಲವತ್ತರ ಸೈಟು: ಅಗ್ರಿಮೆಂಟ್ ನಿಮಗೆ, ರಿಜಿಸ್ಟ್ರೇಶನ್ ಬೇರೆಯವರಿಗೆ. ಅಡ್ವಾನ್ಸ್ ಕೊಟ್ಟು, ಒಳ್ಳೆಯ ದಿನ ನೋಡಿ, ಗುದ್ದಲಿ ಪೂಜೆಗೆ ತೆಂಗಿನಕಾಯಿ ಹಿಡಿದು ಹೋದರೆ ಅಲ್ಲಿ ಇನ್ನೊಬ್ಬರ ಪುರೋಹಿತರು ಆಗಲೇ ಸಂಕಲ್ಪ ಹೇಳಿಸುತ್ತಿರುತ್ತಾರೆ. ಛಾಪಾ ಕಾಗದದ ಮೇಲಿನ ಝೀರೋ ಕನ್ಫರ್ಮೇಶನ್ ಅದು.

ಸೈಟು ವ್ಯವಹಾರದ ಈ ಸಂಸ್ಕಾರ ಇಲ್ಲದ ಕೆನಡಾದವರು ಏಟು ತಿಂದರು. 2018ರ ಸೆಪ್ಟೆಂಬರ್: ಹತ್ತು ದಿನ, ಏಳು ಊರು, 112 ವಹಿವಾಟು. ಬಿಟ್‌ಕಾಯಿನ್ ಎಟಿಎಂಗಳು ಒಂದು ಕನ್ಫರ್ಮೇಶನ್‌ಗೂ ಕಾಯದೆ ನೋಟು ಎಣಿಸಿ ಕೊಡುತ್ತಿದ್ದವು. ನೋಟು ಜೇಬಿಗಿಳಿದೊಡನೆ ಅತ್ತ ಪಾವತಿ ರದ್ದು. ಸುಮಾರು 1,95,000 ಕೆನಡಾ ಡಾಲರ್ ಹೋಯ್ತು, ಕನ್ನಡದ ಎರಡೂ ಅರ್ಥದಲ್ಲಿ. ಕ್ಯಾಲ್ಗರಿ ಪೊಲೀಸರು ನಾಲ್ವರ ಫೋಟೊ ಹಿಡಿದು ಹುಡುಕಾಟಕ್ಕಿಳಿದರು. ಆ ಯಂತ್ರದೊಳಗೆ ನಮ್ಮ ಸೆಟ್ಟರನ್ನು ಕೂರಿಸಿದ್ದರೆ ನೋಟಿನ ಈ ತುದಿ ಬಿಡುತ್ತಲೇ ಇರಲಿಲ್ಲ.

ಅಳಿಯ ಇಷ್ಟಕ್ಕೆ ಸುಮ್ಮನಾಗಲಿಲ್ಲ. ಗುಬ್ಬಿಯ ಅಡಿಕೆ ವರ್ತಕರಿಗೂ ಇದನ್ನು ಹಿಡಿಸುವ ಆಸೆ ಅವನಿಗೆ. ‘ಲೋಡು ಹಾಕಿ ಕಳಿಸಿಬಿಡೋದು ಮಾವ. ಲಾರಿ ಮಲ್ಲಸಂದ್ರ ದಾಟೋ ಹೊತ್ತಿಗೆ ಕನ್ಫರ್ಮ್ ಆಗಿರುತ್ತೆ.’ ಆಗದಿದ್ದರೆ? ‘ಹತ್ತು ನಿಮಿಷ ಅನ್ನೋದು ಸರಾಸರಿ ಅಲ್ವಾ...’ ಸರಾಸರಿ ಅಂದರೆ ಒಮ್ಮೆ ಒಂದೇ ನಿಮಿಷ, ಇನ್ನೊಮ್ಮೆ ಮುಕ್ಕಾಲು ಗಂಟೆ. 2017ರ ಡಿಸೆಂಬರ್‌ನ ನೂಕುನುಗ್ಗಲಿನಲ್ಲಂತೂ ಒಂದು ಪಾವತಿಯ ಸರಾಸರಿ ಶುಲ್ಕವೇ 50 ಡಾಲರ್ ದಾಟಿತ್ತು. ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದು, ಅದರ ದುಡ್ಡು ಬಸ್ಸು ಹತ್ತಲಿ ಅಂತ ಮೂರು ಸಾವಿರ ರೂಪಾಯಿ ಟಿಕೆಟ್ ಕೊಡುವ ಭಾಗ್ಯ.

ಗುಬ್ಬಿಯವರಿಗೆ ಇದನ್ನು ಮಾರುವ ಮೊದಲು ಅಳಿಯ ಆ ಊರಿನ ನಾಟಕ ಕಂಪನಿಯ ಚರಿತ್ರೆಯನ್ನಾದರೂ ಓದಿಕೊಳ್ಳಬೇಕಿತ್ತು. 1884ರಲ್ಲಿ ಹುಟ್ಟಿದ ಕಂಪನಿ, ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ‘ಟಿಕೆಟ್ ಕಾಸು ಕಳಿಸಿದ್ದೀನಿ, ದುರ್ಯೋಧನ ಸಾಯೋಷ್ಟರಲ್ಲಿ ಬರುತ್ತೆ’ ಅಂದವನನ್ನು ಗೇಟಿನವರು ಒಳಗೆ ಬಿಡುತ್ತಿದ್ದರೇ? ಕುಣಿಗಲ್ ಫಾರಂನಲ್ಲಿ ಹುಟ್ಟಿದ ಕುದುರೆ ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಮುಂದಿದೆ ಅಂತ, ಗೆರೆ ದಾಟುವ ಮೊದಲೇ ದುಡ್ಡು ಎಣಿಸಿ ಕೊಡುವ ಬುಕ್ಕಿಯನ್ನು ಯಾರಾದರೂ ಕಂಡಿದ್ದೀರಾ?

ಇಷ್ಟರಲ್ಲಿ ನಾನು ಬಾಯಿ ಹಾಕಿದೆ. ಬಿಟ್‌ಕಾಯಿನ್ ತುಮಕೂರಿಗೆ ಹೊಸದೇನಲ್ಲ. ಯುನೊಕಾಯಿನ್ ಎಂಬ ಕಂಪನಿಯ 60.6 ಬಿಟ್‌ಕಾಯಿನ್ ಕಳುವಾಯಿತು ಅಂತ 2017ರಲ್ಲೇ ಇಲ್ಲಿನ ಹೊಸ ಬಡಾವಣೆ ಠಾಣೆಯಲ್ಲಿ ದೂರು ದಾಖಲಾಗಿದೆ. ಅಂದಿನ ಬೆಲೆ ₹1.14 ಕೋಟಿ. ಇದು ಟವೆಲ್ ಎತ್ತಿದ ಕತೆಯಲ್ಲ, ಗಲ್ಲಾಪೆಟ್ಟಿಗೆಗೇ ಕೈ ಹಾಕಿದರೆಂಬ ದೂರು. ಲಾಠಿಗೆ ಸಿಗದ, ಮಾಲಖಾನೆಯ ಬೀರುವಿನಲ್ಲಿ ಇಟ್ಟು ಸೀಲು ಒತ್ತಲಾಗದ ಮಾಲನ್ನು ಆ ಠಾಣೆಯ ರೈಟರ್ ಯಾವ ಕಾಲಂನಲ್ಲಿ ಬರೆದುಕೊಂಡರೋ. ಆಮೇಲೆ ಸರ್ಕಾರಗಳು ಬದಲಾದವು, ಬಿಟ್‌ಕಾಯಿನ್ ಹಗರಣ ಎಂಬ ಹೆಸರಿನಲ್ಲಿ ಎಲ್ಲ ಪಕ್ಷಗಳವರೂ ಒಬ್ಬರಿಗೊಬ್ಬರು ಕೆಸರೆರಚಿದರು, ವಿಶೇಷ ತನಿಖಾ ತಂಡ ಬಂತು, 2024ರ ಮೇನಲ್ಲಿ ಹ್ಯಾಕರ್ ಶ್ರೀಕಿಯನ್ನು ಈ ಪ್ರಕರಣದಲ್ಲಿ ಆರೋಪಿಯಾಗಿ ಬಂಧಿಸಲಾಯಿತು. ಅಷ್ಟರಲ್ಲಿ ಹತ್ತು ನಿಮಿಷದ ಆ ಬಸ್ಸು ಮೂರು ಲಕ್ಷಕ್ಕೂ ಹೆಚ್ಚು ಟ್ರಿಪ್ ಹೊಡೆದಿತ್ತು. ಆರು ಕನ್ಫರ್ಮೇಶನ್ ಆದರೆ ಗಟ್ಟಿ ಅಂತಾರಲ್ಲ, ಆ ಕಳವಿಗೆ ಮೂರು ಲಕ್ಷ ಸಿಕ್ಕಿತ್ತು. ಯುಪಿಐನಲ್ಲಿ ಮೋಸವಾದರೆ 1930ಕ್ಕೆ ಫೋನು ಮಾಡಿ ಖಾತೆ ತಡೆಹಿಡಿಸಿ ಅಂತ ಗೋಗರೆಯಬಹುದು. ಬಿಟ್‌ಕಾಯಿನ್‌ನಲ್ಲಿ ಬಸ್ಸು ಹತ್ತಿದ್ದನ್ನು ಇಳಿಸುವ ಡಿಪೊ ಮ್ಯಾನೇಜರೇ ಇಲ್ಲ.

‘ಅಂದ್ರೆ ಬರೋ ತನಕ ಯಾರು ಬೇಕಾದ್ರೂ ಕಿತ್ಕೋಬಹುದು, ಹೋದ್ಮೇಲೆ ಯಾರೂ ಕೊಡಿಸಲ್ಲ’ ಅಂದರು ಸೆಟ್ಟರು. ಹಣಕಾಸು ಸಚಿವಾಲಯಕ್ಕೆ ಇವರನ್ನು ಕಳಿಸಬೇಕಿತ್ತು ಅಂತ ನನಗೆ ಆಗಾಗ ಅನ್ನಿಸುವುದುಂಟು.

ಜುಲೈ ಮುಗಿಯುವಷ್ಟರಲ್ಲಿ ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದರು. ಕ್ಯೂಆರ್ ಫಲಕ ಲಕ್ಷ್ಮಿಯ ಹಿಂದಿನಿಂದ ಮುಂದಕ್ಕೆ ಬಂತು. ಬೆಂಗಳೂರಿಗೆ ಹೊರಟಿದ್ದ ಅಳಿಯ ಎರಡು ಕೆಜಿ ಕೊಬ್ಬರಿ, ಒಂದು ಕೆಜಿ ಹುಣಸೆಹಣ್ಣು ಕಟ್ಟಿಸಿಕೊಂಡು ಫೋನು ಒತ್ತಿದ. ಪರದೆಯ ಮೇಲೆ ಟಿಕ್ಕು ಕುಣಿಯಿತು. ಪೆಟ್ಟಿಗೆ ಮಾತಾಡಲಿಲ್ಲ. ನೆಟ್‌ವರ್ಕಿನದು ಮಂಡಿಪೇಟೆಯಲ್ಲಿ ದಿನದ ಪಾಡು.

‘ಹೋಯ್ತು ಮಾವ. ಆರೂವರೆ ಬಸ್ಸಿದೆ, ಬರ್ತೀನಿ’ ಅಂತ ಅಳಿಯ ಚೀಲಕ್ಕೆ ಕೈ ಹಾಕಿದ. ಚೀಲದ ಇನ್ನೊಂದು ಕಿವಿ ಸೆಟ್ಟರ ಕೈಯಲ್ಲಿತ್ತು.

‘ಕೂತ್ಕೊಳಪ್ಪ, ಕಾಫಿ ತರಿಸ್ತೀನಿ. ಏಳು ಗಂಟೆಗೂ ಒಂದು ಬಸ್ಸಿದೆ.’